ಬಾಖ್‌ನ ಮೇಳದಲ್ಲಿ ಎಷ್ಟು ಜನ?

ಗಾಯಕರ ತಲೆ ಎಣಿಸುವ ವಿಷಯಕ್ಕೆ ಸಂಗೀತ ವಿದ್ವಾಂಸರು ಇಪ್ಪತ್ತು ವರ್ಷ ಜಗಳಾಡಿದರು ಎಂದರೆ ಹೊರಗಿನವರಿಗೆ ನಗು ಬರಬಹುದು. ಜಗಳಕ್ಕೆ ಕಾವು ಕೊಟ್ಟದ್ದು ಒಂದು ಧ್ವನಿಮುದ್ರಣ. ಯೊಹಾನ್ ಸೆಬಾಸ್ಟಿಯನ್ ಬಾಖ್‌ನ 'ಬಿ ಮೈನರ್ ಮಾಸ್' ಅನ್ನು ಜೋಶುವಾ ರಿಫ್ಕಿನ್ ನಿರ್ದೇಶಿಸಿ, ಅಮೆರಿಕದ ನಾನ್‌ಸಚ್ ಕಂಪನಿ 1982ರಲ್ಲಿ ಹೊರತಂದಿತು. ವೃಂದಗಾನದ ಮಹಾಕೃತಿ ಎಂದು ಹೆಸರಾದ ಈ ರಚನೆಯ ಆ ಮುದ್ರಣದಲ್ಲಿ ವೃಂದವೇ ಇರಲಿಲ್ಲ! ಸ್ವರಲಿಪಿಯಲ್ಲಿ ಐದು ದನಿಗಳಿದ್ದರೆ ಐದು ಜನ ಹಾಡಿದರು, ನಾಲ್ಕಿದ್ದರೆ ನಾಲ್ವರು, ಎಂಟಿದ್ದರೆ ಎಂಟು ಮಂದಿ. ಒಂಟಿ ಗೀತೆಗಳನ್ನು ಹಾಡುವವರೂ ಅವರೇ, ಸಮೂಹಗೀತೆಗಳನ್ನು ಹಾಡುವವರೂ ಅವರೇ.

ಬಾಖ್ ತನ್ನ ಚರ್ಚಿನಲ್ಲಿ ಮಾಡಿಸುತ್ತಿದ್ದದ್ದು ಹೀಗೆಯೇ ಎಂಬುದು ರಿಫ್ಕಿನ್ ಅವರ ವಾದ. 1981ರಲ್ಲಿ ಬೋಸ್ಟನ್‌ನಲ್ಲಿ ಸೇರಿದ್ದ ಅಮೆರಿಕದ ಸಂಗೀತಶಾಸ್ತ್ರಜ್ಞರ ಸಮ್ಮೇಳನದಲ್ಲಿ ಅವರು ಈ ಮಾತು ಆಡಿದಾಗ ಸಭೆಯೊಳಗೇ ಗದ್ದಲವೆದ್ದಿತು. ಅದಕ್ಕೆ ಹನ್ನೊಂದು ವರ್ಷ ಮುಂಚೆ, 1970ರಲ್ಲಿ, ಇದೇ ರಿಫ್ಕಿನ್ ಇದೇ ಕಂಪನಿಗೆ ಸ್ಕಾಟ್ ಜೋಪ್ಲಿನ್‌ನ ರ‍್ಯಾಗ್‌ಟೈಮ್ ಪಿಯಾನೊ ತುಣುಕುಗಳನ್ನು ನುಡಿಸಿ ಕೊಟ್ಟಿದ್ದರು. ಮರೆತೇಹೋದಂತಿದ್ದ ಆ ಕಪ್ಪು ಸಂಗೀತಗಾರ ಆ ಎಲ್‌ಪಿಯಿಂದ ಮತ್ತೆ ಮನೆಮಾತಾದ. ಅಂದರೆ ಧ್ವನಿಮುದ್ರಣವೊಂದು ಕೇಳುಗರ ಅಭಿರುಚಿಯನ್ನು ಹೇಗೆ ತಿರುಗಿಸಬಲ್ಲದೆಂದು ಈ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು.

ಅವರು ಎದುರು ಹಾಕಿಕೊಂಡದ್ದು ಎಂಥ ರೂಢಿಯನ್ನು ಎಂಬುದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1784ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬಿಯಲ್ಲಿ ಬಾಖ್‌ನ ಓರಗೆಯ ಸಂಯೋಜಕ ಹ್ಯಾಂಡೆಲ್‌ನ ಸ್ಮರಣೆಗೆಂದು ಹಾಡುವವರು, ನುಡಿಸುವವರು ಎಲ್ಲ ಸೇರಿ ಐನೂರಕ್ಕೂ ಹೆಚ್ಚು ಜನರನ್ನು ಕೂಡಿಸಿದರು. ಹಿಂದಿನ ತಲೆಮಾರಿನ ಧಾರ್ಮಿಕ ಸಂಗೀತ ಎಂದರೆ ಜನಜಾತ್ರೆ ಎಂಬ ಭಾವನೆ ಬೇರೂರಿದ್ದು ಅಲ್ಲಿಂದ. 1829ರಲ್ಲಿ ಬರ್ಲಿನ್ನಿನಲ್ಲಿ ಇಪ್ಪತ್ತರ ಹರೆಯದ ಸಂಯೋಜಕ ಮೆಂಡೆಲ್ಸೋನ್ ಬಾಖ್‌ನ 'ಸೇಂಟ್ ಮ್ಯಾಥ್ಯೂ ಪ್ಯಾಶನ್' ಅನ್ನು ಮತ್ತೆ ವೇದಿಕೆಗೆ ತಂದಾಗ ಹಾಡಿದವರು ನೂರೈವತ್ತರ ಸುಮಾರು. ಇಂಗ್ಲೆಂಡಿನಲ್ಲಂತೂ ಈ ಹುಚ್ಚಿಗೆ ಮೇರೆಯೇ ಇರಲಿಲ್ಲ. 1888ರ ಜೂನ್ 29ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ 4,000 ಗಾಯಕರು ಹ್ಯಾಂಡೆಲ್‌ನ 'ಇಸ್ರೇಲ್ ಇನ್ ಈಜಿಪ್ಟ್' ಹಾಡಿದರು. ಎಡಿಸನ್ ಕಂಪನಿಯ ಪ್ರತಿನಿಧಿ ಕರ್ನಲ್ ಗೌರೋ, ನೂರು ಗಜ ದೂರದಲ್ಲಿ ಫೋನೋಗ್ರಾಫ್ ಇಟ್ಟು ಅದನ್ನು ಮೇಣದ ಸಿಲಿಂಡರಿಗೆ ಇಳಿಸಿದ. ಸಂಗೀತದ ಧ್ವನಿಮುದ್ರಣಗಳಲ್ಲಿ ಇಂದಿಗೂ ಉಳಿದಿರುವ ತೀರಾ ಹಳೆಯವುಗಳ ಸಾಲಿನಲ್ಲಿ ಅದೂ ಒಂದು. ಕೇಳಿದರೆ ಗರಗರ ಸದ್ದಿನ ಹಿಂದೆ ದೂರದಲ್ಲೆಲ್ಲೋ ಏನೋ ಮೊರೆದ ಹಾಗೆ ಅನ್ನಿಸುತ್ತದೆ. ಹ್ಯಾಂಡೆಲ್ ಎಲ್ಲಿದ್ದಾನೆಂದು ಹುಡುಕಬೇಕು. ಸಭಾಂಗಣದಲ್ಲೇ ಕುಳಿತು ಕೇಳಿದವರಿಗೂ ಬಹಳ ಹೆಚ್ಚೇನೂ ಕೇಳಿಸಿರಲಾರದೆಂದು ನನ್ನ ಗುಮಾನಿ. ಸಂಗೀತ ವಿಮರ್ಶಕನೂ ಆಗಿದ್ದ ಬರ್ನಾರ್ಡ್ ಶಾ 1891ರಲ್ಲೇ ಈ ದೊಂಬಿಗೆ ರೋಸಿಹೋಗಿ, ಇಷ್ಟು ದುಡ್ಡು ಸುರಿಯುವ ಬದಲು ಇಪ್ಪತ್ತು ಜನ ನುರಿತ ಗಾಯಕರಿಂದ ಒಮ್ಮೆ ಹ್ಯಾಂಡೆಲ್‌ನ 'ಮೆಸ್ಸಾಯ' ಹಾಡಿಸಿ ನೋಡಬಾರದೇ ಎಂದು ಕೇಳಿದ್ದ. ಯಾರೂ ಕಿವಿಗೊಡಲಿಲ್ಲ.

ಇನ್ನು ರಿಫ್ಕಿನ್ ಎತ್ತಿಕೊಂಡ 'ಬಿ ಮೈನರ್ ಮಾಸ್' ಕೃತಿ. ಮಾಸ್ ಎಂದರೆ ನಮ್ಮ ಕಥೋಲಿಕರು ಬಲಿಪೂಜೆ ಎನ್ನುವ ಆರಾಧನೆ. ಅದರ ಐದು ಲ್ಯಾಟಿನ್ ಪಠ್ಯಗಳಿಗೆ ಸಂಗೀತ ಹೊಂದಿಸಿದ ರಚನೆಗೂ ಅದೇ ಹೆಸರು. ಬಾಖ್ ಲೂಥರನ್ ಪಂಥದವನು, 1723ರಿಂದ ಲೈಪ್‌ಜಿಗ್ ನಗರದಲ್ಲಿ ಸೇಂಟ್ ಥಾಮಸ್ ಶಾಲೆಯ ಕ್ಯಾಂಟರ್, ಎಂದರೆ ಶಾಲೆಯ ಹುಡುಗರನ್ನು ತಯಾರು ಮಾಡಿ ಊರಿನ ಚರ್ಚುಗಳಲ್ಲಿ ಹಾಡಿಸುವ ಸಂಗೀತದ ಮೇಲ್ವಿಚಾರಕ. ಸಂಬಳ, ಸೌಕರ್ಯ, ನಗರಸಭೆಯವರ ಕಿರಿಕಿರಿ ಎಲ್ಲದರಿಂದ ಬೇಸತ್ತಿದ್ದ ಆತ 1733ರ ಜುಲೈ 27ರಂದು ಸ್ಯಾಕ್ಸನಿಯ ಹೊಸ ದೊರೆಗೆ ಮಾಸ್‌ನ ಮೊದಲ ಎರಡು ಭಾಗಗಳಾದ ಕೀರಿಯೆ ಮತ್ತು ಗ್ಲೋರಿಯಾಗಳನ್ನು ಕಾಣಿಕೆಯಾಗಿ ಒಪ್ಪಿಸಿದ. ಡ್ರೆಸ್ಡೆನ್ನಿನ ಆ ರಾಜಮನೆತನ ಕಥೋಲಿಕ ಮತಕ್ಕೆ ಸೇರಿದ್ದು. ಜೊತೆಗೊಂದು ಅರ್ಜಿಯೂ ಇತ್ತು: ತನಗೆ ಆಸ್ಥಾನದ ಬಿರುದು ದಯಪಾಲಿಸಬೇಕು, ಲೈಪ್‌ಜಿಗ್‌ನಲ್ಲಿ ವಿನಾಕಾರಣ ಅವಮಾನವಾಗುತ್ತಿದೆ. ಬಿರುದು ಬರಲು ಮೂರು ವರ್ಷ ಹಿಡಿಯಿತು. ಉಳಿದ ಭಾಗಗಳನ್ನು ಅವನು ಸೇರಿಸಿದ್ದು ಬದುಕಿನ ಕಡೆಯ ವರ್ಷಗಳಲ್ಲಿ, ಕಣ್ಣು ಮಂಜಾಗಿ ಕೈ ನಡುಗುತ್ತಿದ್ದಾಗ. ಅವೆಲ್ಲ ಹೊಸದಾಗಿ ಬರೆದವಲ್ಲ: ಸ್ಯಾಂಕ್ಟುಸ್ 1724ರ ಕ್ರಿಸ್‌ಮಸ್ಸಿಗೆ ಬರೆದದ್ದು. ಕ್ರೂಸಿಫಿಕ್ಸುಸ್‌ನ ಸಂಗೀತ 1714ರ ಒಂದು ಕಂಟಾಟದಿಂದ (ಆರಾಧನೆಗೆ ಬರೆದ ಗೀತಮಾಲೆ) ಎತ್ತಿಕೊಂಡದ್ದು. ಇಡೀ ಕೃತಿಯನ್ನು ಬಾಖ್ ಒಮ್ಮೆಯೂ ಕೇಳಲಿಲ್ಲ. 1750ರ ಜುಲೈ 28ರಂದು ತೀರಿಕೊಂಡ.

ರಿಫ್ಕಿನ್ ಅವರ ವಾದ ಹುಟ್ಟಿದ್ದು ಪೂರ್ಣ ಸ್ವರಲಿಪಿಯಿಂದಲ್ಲ, ಹಾಡುವವರ ಮತ್ತು ನುಡಿಸುವವರ ಕೈಗೆ ಕೊಡುತ್ತಿದ್ದ ಬಿಡಿ ಹಾಳೆಗಳಿಂದ. ಬಾಖ್‌ನ ಲೈಪ್‌ಜಿಗ್ ಕೃತಿಗಳಿಗೆ ಇಂಥ ಹಾಳೆಗಳ ಕಟ್ಟುಗಳು ಬಹಳಷ್ಟು ಉಳಿದಿವೆ. ಅವುಗಳಲ್ಲಿ ಮೊದಲ ವಯಲಿನ್ನಿಗೆ ಸಾಮಾನ್ಯವಾಗಿ ಎರಡು ಪ್ರತಿ, ಎರಡನೆಯ ವಯಲಿನ್ನಿಗೂ ಎರಡು, ಮಂದ್ರದ ವಾದ್ಯಗಳಿಗೆ ಎರಡೋ ಮೂರೋ. ಆದರೆ ಮೇಲಿನ ಸ್ಥಾಯಿಯಿಂದ ಕೆಳಕ್ಕೆ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎನ್ನುವ ಗಾಯಕರಿಗೆ ಮಾತ್ರ ಬಹುತೇಕ ತಲಾ ಒಂದೊಂದೇ ಪ್ರತಿ. ಡ್ರೆಸ್ಡೆನ್ನಿಗೆ ಕಳಿಸಿದ ಹಾಳೆಗಳನ್ನು ಬರೆಯಲು ಬಾಖ್‌ನ ಜೊತೆ ಹೆಂಡತಿ ಆನ್ನಾ ಮ್ಯಾಗ್ಡಲೀನಾ, ಮಕ್ಕಳು ಎಲ್ಲ ಕೈಹಾಕಿದ್ದರು. ಅಲ್ಲಿಯೂ ಹಾಡುವ ದನಿಗಳಿಗೆ ಒಂದೊಂದೇ ಹಾಳೆ.

ಒಂದು ಹಾಳೆಯನ್ನು ಮೂವರು ಹಂಚಿಕೊಂಡು ನೋಡಿರಬಹುದಲ್ಲ? ಡಚ್ ನಿರ್ದೇಶಕ ಟಾನ್ ಕೂಪ್‌ಮನ್ ಮೊದಲಾದವರು ಹೇಳಿದ್ದು ಅದನ್ನೇ. ಪ್ರಶ್ನೆ ಸರಿಯಾದದ್ದೇ. ರಿಫ್ಕಿನ್ ಕೊಟ್ಟ ಉತ್ತರ ಮಾತ್ರ ಪತ್ತೇದಾರನದು. ಆ ಹಾಳೆಯಲ್ಲಿ ಸಮೂಹಗೀತೆಯೂ ಇದೆ, ಒಬ್ಬನೇ ಹಾಡಬೇಕಾದ ಗೀತೆಯೂ ಇದೆ, ಒಂದರ ಹಿಂದೊಂದು. ಇಲ್ಲಿಂದ ಎಲ್ಲರೂ ಹಾಡಿ, ಇಲ್ಲಿಗೆ ಉಳಿದವರು ನಿಲ್ಲಿಸಿ ಎಂಬ ಗುರುತು ಎಲ್ಲೂ ಇಲ್ಲ. ಮೂವರು ಒಂದೇ ಹಾಳೆ ನೋಡುತ್ತಿದ್ದರೆ ಎರಡನೆಯವನಿಗೂ ಮೂರನೆಯವನಿಗೂ ಬಾಯಿ ಮುಚ್ಚಬೇಕಾದ್ದು ಯಾವಾಗ ಎಂದು ತಿಳಿಯುವುದು ಹೇಗೆ? ಹೆಚ್ಚುವರಿ ಗಾಯಕರು ಬೇಕೆನಿಸಿದಾಗ ಬಾಖ್ ಅವರಿಗೆ ಬೇರೆಯೇ ಹಾಳೆ ಬರೆಸಿದ್ದಾನೆ. 'ಸೇಂಟ್ ಜಾನ್ ಪ್ಯಾಶನ್'ಗೆ ಅಂಥವು ಉಳಿದಿವೆ. ಬರೆಸಿಲ್ಲವೆಂದರೆ ಬೇಕಾಗಿರಲಿಲ್ಲವೆಂದೇ ಅರ್ಥ.

ಎದುರುಪಕ್ಷದ ದೊಡ್ಡ ಅಸ್ತ್ರ ಬಾಖ್‌ನದೇ ಕೈಬರಹ. 1730ರ ಆಗಸ್ಟ್ 23ರಂದು ಅವನು ನಗರಸಭೆಗೆ ಒಂದು ಮನವಿ ಬರೆದ. ಒಂದೊಂದು ಗಾಯನಮೇಳಕ್ಕೂ ಪ್ರತಿ ದನಿಗೆ ಕನಿಷ್ಠ ಮೂವರು ಬೇಕು, ನಾಲ್ವರಿದ್ದು ಒಟ್ಟು 16 ಆದರೆ ಇನ್ನೂ ಒಳ್ಳೆಯದು ಎಂದು ಅದರಲ್ಲಿದೆ. ಹದಿನಾರು ಎಂದು ಬಾಖ್‌ನೇ ಹೇಳಿರುವಾಗ ಇವರು ಯಾರು ನಾಲ್ಕು ಎನ್ನಲು ಎಂದು ವಿರೋಧಿಗಳು ಕೇಳಿದರು. ಆದರೆ ಆ ಮನವಿಯನ್ನು ಪೂರ್ತಿ ಓದಿದರೆ ಚಿತ್ರವೇ ಬೇರೆ ಕಾಣುತ್ತದೆ. ಅದು ಸಂಗೀತ ಹೇಗಿರಬೇಕೆಂಬ ಸಿದ್ಧಾಂತಕ್ಕಿಂತ ಹೆಚ್ಚಾಗಿ, ಆಳುಗಳು ಸಾಲುತ್ತಿಲ್ಲ ಎಂಬ ಗೋಳು. ಮೂವರು ಏಕೆ ಬೇಕೆಂದರೆ ಒಬ್ಬ ಕಾಯಿಲೆ ಬಿದ್ದರೂ ಕೆಲಸ ನಡೆಯಬೇಕು. ಈ ಹವಾಮಾನದಲ್ಲಿ ಬೀಳುವುದೂ ಹೆಚ್ಚು, ಬೇಕಾದರೆ ಶಾಲೆಯ ವೈದ್ಯರು ಬರೆದುಕೊಟ್ಟ ಔಷಧಿ ಚೀಟಿಗಳನ್ನು ನೋಡಿ ಎಂದು ಅವನು ಪುರಾವೆ ತೋರಿಸುತ್ತಾನೆ. ಹುಡುಗರ ಲೆಕ್ಕವನ್ನೂ ಕೊಡುತ್ತಾನೆ: ಕೆಲಸಕ್ಕೆ ಬರುವವರು 17, ಮುಂದೆ ಬರಬಹುದಾದವರು 20, ಯಾವುದಕ್ಕೂ ಬಾರದವರು 17. ಆ 17 ಮಂದಿಯಲ್ಲೇ ಹಲವು ಚರ್ಚುಗಳನ್ನು ನಡೆಸಬೇಕು, ಅವರಲ್ಲೇ ಕೆಲವರು ವಾದ್ಯವನ್ನೂ ಹಿಡಿಯಬೇಕು. ರಿಫ್ಕಿನ್ ಹೇಳುವುದು ಇಷ್ಟೆ: ಹದಿನಾರು ಎಂಬುದು ಪಟ್ಟಿಯಲ್ಲಿರಬೇಕಾದ ಹುಡುಗರ ಸಂಖ್ಯೆ, ಭಾನುವಾರದ ಕಂಟಾಟದಲ್ಲಿ ಎಲ್ಲರೂ ಒಟ್ಟಿಗೆ ಬಾಯಿ ತೆರೆಯುತ್ತಿದ್ದರೆಂದು ಅದರ ಅರ್ಥವಲ್ಲ. ಹದಿನೈದು ಆಟಗಾರರನ್ನು ಆರಿಸಿದ ಮಾತ್ರಕ್ಕೆ ಹದಿನೈದೂ ಜನ ಮೈದಾನಕ್ಕೆ ಇಳಿಯುವುದಿಲ್ಲವಲ್ಲ. ಈ ಓದು ನನಗೆ ಒಪ್ಪಿಗೆಯಾಗುತ್ತದೆ. ಎಲ್ಲ ವಿದ್ವಾಂಸರೂ ಇನ್ನೂ ಒಪ್ಪಿಲ್ಲ.

ಇಷ್ಟೆಲ್ಲ ಕಾಗದದ ವ್ಯಾಜ್ಯವಾಗಿಯೇ ಉಳಿದಿದ್ದರೆ ಗ್ರಂಥಾಲಯದ ಬಾಗಿಲು ದಾಟುತ್ತಿರಲಿಲ್ಲ. ದಾಟಿಸಿದ್ದು ಧ್ವನಿಮುದ್ರಣ.

ಅದಕ್ಕೆ ಮುಂಚೆ ಈ ಕೃತಿಯ ಮುದ್ರಣಗಳೇ ಇರಲಿಲ್ಲವೆಂದಲ್ಲ. 1929ರಲ್ಲಿ ಆಲ್ಬರ್ಟ್ ಕೋಟ್ಸ್ ಲಂಡನ್ನಿನಲ್ಲಿ ಎಚ್‌ಎಂವಿಗೆ ಇಡೀ ಮಾಸ್ ಮುದ್ರಿಸಿದರು. ಒಂದು ಮಗ್ಗುಲಿಗೆ ನಾಲ್ಕು ನಿಮಿಷವಷ್ಟೇ ಹಿಡಿಯುವ 78ರ ತಟ್ಟೆಗಳಲ್ಲಿ ಎರಡು ಗಂಟೆಯ ಕೃತಿ! ಎಲ್‌ಪಿ ಬಂದ ಮೇಲೆ ದೊಡ್ಡ ಹೆಸರುಗಳು ಸಾಲುಗಟ್ಟಿದವು. 1950ರ ದಶಕದ ಆರಂಭದಲ್ಲಿ ಕಾರಯಾನ್ ಮುದ್ರಿಸಿದಾಗ ಸಮೂಹಗೀತೆಗಳು ವಿಯೆನ್ನಾದಲ್ಲಿ, ಒಂಟಿ ಗೀತೆಗಳು ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾದ ಜೊತೆ ಆದವು. ಆ ಆರ್ಕೆಸ್ಟ್ರಾದ ಆರಂಭದ ವರ್ಷಗಳಲ್ಲಿ ಅದರ ಕೈಹಿಡಿದು ಹಣ ಕೊಟ್ಟವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್. ಅವರು ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಆಗಿದ್ದರು. ಕಾರ್ಲ್ ರಿಕ್ಟರ್ ಅವರ 1961ರ ಮುದ್ರಣ, ಮುಪ್ಪಿನ ಆಟೊ ಕ್ಲೆಂಪರರ್ ಅವರ 1967ರ ಮುದ್ರಣ ಇಂದಿಗೂ ಹಲವರ ಮನೆದೇವರು. 1968ರಲ್ಲಿ ನಿಕೋಲಾಸ್ ಹಾರ್ನೊನ್‌ಕೋರ್ಟ್ ಬಾಖ್‌ನ ಕಾಲದ ವಾದ್ಯಗಳನ್ನು ತಂದರು: ಕರುಳಿನ ತಂತಿ ಬಿಗಿದ ವಯಲಿನ್, ಗುಂಡಿಗಳಿಲ್ಲದ ತುತ್ತೂರಿ. ಮೇಳದಲ್ಲಿ ಹೆಂಗಸರ ಬದಲು ಹುಡುಗರಿಂದ ಹಾಡಿಸಿದರು. ವಾದ್ಯ ಬದಲಾಯಿತು, ಗಾತ್ರ ಇಳಿಯಿತು, ಆದರೂ ಮೇಳ ಮೇಳವಾಗಿಯೇ ಇತ್ತು.

ಇವೆಲ್ಲ ಆದ ಮೇಲೆ ರಿಫ್ಕಿನ್. ಸ್ವರಲಿಪಿಯ ಮೊದಲ ನಾಲ್ಕು ಗತಿಗಳಲ್ಲೇ (ಪಾಶ್ಚಾತ್ಯರ 'ಬಾರ್') ಕೇಳುಗ ಬೆಚ್ಚುತ್ತಾನೆ. ಕರುಣೆ ತೋರು ದೇವರೇ ಎಂಬ ಕೀರಿಯೆಯ ಮೊರೆ ಕ್ಲೆಂಪರರ್ ಮುದ್ರಣದಲ್ಲಿ ಇಡೀ ಊರೇ ಮಂಡಿಯೂರಿ ಕೂಗಿದಂತಿರುತ್ತದೆ. ಇಲ್ಲಿ ಐದು ಜನ. ಅದಾದ ಮೇಲೆ ವಾದ್ಯಗಳ ದೀರ್ಘ ಪೀಠಿಕೆ, ಆಮೇಲೆ ಒಂದೇ ಧಾಟಿಯನ್ನು ಒಂದರ ಹಿಂದೊಂದು ದನಿ ಎತ್ತಿಕೊಳ್ಳುವ ಫ್ಯೂಗನ್ನು ಟೆನರ್ ಒಬ್ಬನೇ ಶುರುಮಾಡುತ್ತಾನೆ. ಅವನ ಹಿಂದೆ ಆಲ್ಟೊ, ಮೊದಲ ಸೊಪ್ರಾನೊ, ಎರಡನೆಯ ಸೊಪ್ರಾನೊ, ಕೊನೆಗೆ ಬಾಸ್. ಇಪ್ಪತ್ತು ಜನ ಒಂದೇ ಸ್ವರ ಹಾಡುವಾಗ ಒಬ್ಬೊಬ್ಬರ ಶ್ರುತಿಯಲ್ಲೂ ಎಳೆಯಷ್ಟು ವ್ಯತ್ಯಾಸವಿದ್ದು, ಎಲ್ಲ ಬೆರೆತು ಒಂದು ಮೆತ್ತನೆಯ ಹೊದಿಕೆಯಂತಾಗುತ್ತದೆ. ಅದೇ ವೃಂದಗಾನದ ಸೊಗಸು. ಆದರೆ ಐದು ದನಿಗಳು ಐದು ದಾರಿ ಹಿಡಿದು ಓಡುವಾಗ ಆ ಹೊದಿಕೆಯೇ ಅಡ್ಡ ಬರುತ್ತದೆ. ರಿಫ್ಕಿನ್ ಮುದ್ರಣದಲ್ಲಿ ಒಂದೊಂದು ದಾರಿಯೂ ಬೇರೆ ಬೇರೆಯಾಗಿ ಕಾಣುತ್ತದೆ. ಉಸಿರು ಎಲ್ಲಿ ತೆಗೆದುಕೊಂಡರು ಎಂಬುದೂ ತಿಳಿಯುತ್ತದೆ. ನುಡಿಸುವ ವಯಲಿನ್, ಓಬೊಗಳೂ ಹಾಡುವವರ ಸರಿಸಮಕ್ಕೆ ನಿಲ್ಲುತ್ತವೆ, ಹಿನ್ನೆಲೆಯಾಗಿ ಉಳಿಯುವುದಿಲ್ಲ.

ಈ ಬಗೆಗೆ ಅತ್ಯಂತ ಹೊಂದುವ ಭಾಗ ಕ್ರೂಸಿಫಿಕ್ಸುಸ್. ಮಂದ್ರದಲ್ಲಿ ನಾಲ್ಕೇ ಗತಿಗಳ ಒಂದು ಇಳಿಜಾರು ಹದಿಮೂರು ಸಲ ಬರುತ್ತದೆ, ಅರ್ಧ ಅರ್ಧ ಸ್ವರ ಜಾರುತ್ತಾ. ಮೇಲೆ ನಾಲ್ಕು ದನಿಗಳು ಶಿಲುಬೆಯ ಮಾತನ್ನು ಒಬ್ಬರ ಬಾಯಿಂದ ಒಬ್ಬರು ಎತ್ತಿಕೊಳ್ಳುತ್ತವೆ. ಕೊನೆಯ ಸುತ್ತಿನಲ್ಲಿ ಕೊಳಲು, ವಯಲಿನ್‌ಗಳೆಲ್ಲ ನಿಂತು, ಗಾಯಕರು ತಮ್ಮ ಕೆಳಗಿನ ಸ್ಥಾಯಿಗೆ ಇಳಿದು ಹೂಳುವ ಮಾತನ್ನು ಹೇಳುತ್ತಾರೆ. ನೂರು ಜನ ಮೆಲ್ಲಗೆ ಹಾಡಿದರೆ ಅದೊಂದು ಪರಿಣಾಮ, ಒಪ್ಪಿದೆ. ನಾಲ್ವರು ಮೆಲ್ಲಗೆ ಹಾಡಿದರೆ ಅದು ಸಾವಿನ ಮನೆಯ ಮಾತು. ಅದರ ಬೆನ್ನಿಗೇ ಬರುವ ಪುನರುತ್ಥಾನದ ಗೀತೆಯ ನಡುವೆ ಬಾಸ್ ದನಿಯೊಂದೇ ಹಾಡುವ ಉದ್ದನೆಯ ಭಾಗವಿದೆ. ಇದನ್ನು ಮೇಳದ ಬಾಸ್ ಗಾಯಕರೆಲ್ಲ ಹಾಡಬೇಕೋ, ಒಬ್ಬ ಹಾಡಬೇಕೋ ಎಂದು ನಿರ್ದೇಶಕರು ತಲೆ ಕೆಡಿಸಿಕೊಂಡದ್ದುಂಟು. ದನಿಗೆ ಒಬ್ಬರೇ ಆದಾಗ ಪ್ರಶ್ನೆಯೇ ಏಳುವುದಿಲ್ಲ. ಕನ್ಫೀತಿಯೋರ್ ಎಂಬ ಐದು ದನಿಯ ಭಾಗದಲ್ಲಿ ಬಾಖ್ ಹಳೆಯ ಚರ್ಚ್ ಪಠಣದ ಧಾಟಿಯೊಂದನ್ನು ಮೊದಲು ಬಾಸ್ ಮತ್ತು ಆಲ್ಟೊಗಳ ನಡುವೆ, ಆಮೇಲೆ ಟೆನರ್‌ನಲ್ಲಿ ಎಳೆದೆಳೆದು ಅಡಗಿಸಿಟ್ಟಿದ್ದಾನೆ. ದೊಡ್ಡ ಮೇಳಗಳಲ್ಲಿ ಸ್ವರಲಿಪಿ ಕೈಯಲ್ಲಿಲ್ಲದಿದ್ದರೆ ಅದು ಸಿಗುವುದು ಕಷ್ಟ. ಇಲ್ಲಿ ತಾನಾಗಿಯೇ ಕಿವಿಗೆ ಬೀಳುತ್ತದೆ.

ಇನ್ನು ದೋಷಗಳು. ಸ್ಯಾಂಕ್ಟುಸ್ ಬಂದಾಗ ನನಗೆ ಈ ಮುದ್ರಣ ಸಾಲುವುದಿಲ್ಲ. ಆರು ದನಿ, ಮೂರು ತುತ್ತೂರಿ, ಮೂರು ಓಬೊ, ನಗಾರಿ, ದೇವದೂತರ ಸಮೂಹ ಹಾಡುತ್ತಿದೆ ಎಂಬ ಕಲ್ಪನೆ. ಆರೇ ಜನ ದೇವದೂತರು ಬಡವಾಗಿ ಕಾಣುತ್ತಾರೆ. ಅಲ್ಲಿ ಕಾರ್ಲ್ ರಿಕ್ಟರ್ ಅವರ ಮೇಳವೇ ಬೇಕು. ಎರಡನೆಯದಾಗಿ, ಬಾಖ್‌ನ ಪದ್ಧತಿಯನ್ನೇ ಪಾಲಿಸುವುದಾಗಿ ಹೊರಟವರು ಹುಡುಗರ ಜಾಗದಲ್ಲಿ ಜೂಡಿತ್ ನೆಲ್ಸನ್, ಜೂಲಿಯಾನ್ ಬೇರ್ಡ್ ಅವರಂಥ ಪಳಗಿದ ಹೆಣ್ಣುದನಿಗಳನ್ನು ಹಾಕಿದ್ದಾರೆ. ಲೈಪ್‌ಜಿಗ್ ಚರ್ಚಿನಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಫಲಿತಾಂಶ ಚೆನ್ನಾಗಿರುವುದರಿಂದ ನಾನು ದೂರುವುದಿಲ್ಲ, ಆದರೆ ಸಂಖ್ಯೆಯ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾದವರು ಇಲ್ಲಿ ಸಡಿಲ ಬಿಟ್ಟದ್ದು ಎದ್ದು ಕಾಣುತ್ತದೆ. ಮೂರನೆಯದು ಮೈಕು. ತುತ್ತೂರಿ ಮೊಳಗುವಾಗ ಒಂಟಿ ಗಾಯಕಿಯ ದನಿ ಅಷ್ಟು ಸ್ಪಷ್ಟವಾಗಿ ಕೇಳುವುದರಲ್ಲಿ ಧ್ವನಿ ಎಂಜಿನಿಯರನ ಪಾಲು ಎಷ್ಟು, ಬಾಖ್‌ನದೆಷ್ಟು? ಸಾವಿರಾರು ಕಂಠಗಳನ್ನು ಸೆರೆಹಿಡಿಯಲಾರದೆ ಸೋತ ಯಂತ್ರ, ನೂರು ವರ್ಷ ತುಂಬುವುದರೊಳಗೆ ಐದೇ ಕಂಠಗಳನ್ನು ಕಿವಿಯ ಹತ್ತಿರಕ್ಕೆ ತಂದು ನಿಲ್ಲಿಸುವಷ್ಟು ಬೆಳೆಯಿತು. ಮನೆಯಲ್ಲಿ ಕೂತು ಕೇಳುವ ಅಭ್ಯಾಸ ಹುಟ್ಟದಿದ್ದರೆ ಈ ಸಣ್ಣ ಬಾಖ್ ಇಷ್ಟು ಬೇಗ ಒಪ್ಪಿಗೆಯಾಗುತ್ತಿದ್ದನೇ ಎಂಬ ಸಂಶಯ ನನಗಿದೆ.

ಮೇಲಾಗಿ ಒಂದು ತಕರಾರು ಇದೆ, ಇದು ರಿಫ್ಕಿನ್ ವಿರೋಧಿಗಳಿಗೂ ಅಷ್ಟೇ ಅನ್ವಯಿಸುತ್ತದೆ. ಬಾಖ್ ಈ ಮಾಸ್ ಅನ್ನು ಇಡಿಯಾಗಿ ಹಾಡಿಸಲೇ ಇಲ್ಲವೆಂದಾದರೆ, ಅವನು ಹೇಗೆ ಹಾಡಿಸಿದ ಎಂಬ ಪ್ರಶ್ನೆಗೆ ಅರ್ಥವೇನು? ಮೊದಲೆರಡು ಭಾಗಗಳಿಗೆ ಡ್ರೆಸ್ಡೆನ್ ಹಾಳೆಗಳ ಸಾಕ್ಷ್ಯವಿದೆ. ಉಳಿದದ್ದರಲ್ಲಿ ಬಹುಪಾಲಿಗೆ ಇರುವುದು ಬರ್ಲಿನ್ನಿನ ರಾಜ್ಯ ಗ್ರಂಥಾಲಯದಲ್ಲಿರುವ, 2015ರಲ್ಲಿ ಯುನೆಸ್ಕೊ ವಿಶ್ವ ಸ್ಮರಣೆಯ ಪಟ್ಟಿಗೆ ಸೇರಿಸಿಕೊಂಡ, ಬಾಖ್‌ನದೇ ಕೈಬರಹದ ಒಂದು ಹಸ್ತಪ್ರತಿ ಮಾತ್ರ. ಅದು ತಲೆ ಎಣಿಕೆ ಹೇಳುವುದಿಲ್ಲ. ಹಾಗಾಗಿ ಈ ಮುದ್ರಣವನ್ನು ಇತಿಹಾಸದ ಪ್ರಮಾಣಪತ್ರವೆಂದು ಕೊಳ್ಳುವುದೂ ತಪ್ಪು, ಇತಿಹಾಸದ ದ್ರೋಹವೆಂದು ಬಿಸಾಡುವುದೂ ತಪ್ಪು. ಕಿವಿಗೆ ಏನು ಕೊಡುತ್ತದೆ ಎಂದೇ ತೂಗಬೇಕು.

ತೂಗಿದವರು ಹೆಚ್ಚುತ್ತಲೇ ಬಂದಿದ್ದಾರೆ. ಇಂಗ್ಲೆಂಡಿನ ಆಂಡ್ರೂ ಪ್ಯಾರಟ್ ಎರಡೇ ವರ್ಷಕ್ಕೆ ಅದೇ ಹಾದಿ ಹಿಡಿದು, ಅಲ್ಲಲ್ಲಿ ಒಂದಿಷ್ಟು ಕಂಠ ಸೇರಿಸಿ ಮುದ್ರಿಸಿದರು, 2000ದಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಮಿಂಕೋವ್‌ಸ್ಕಿ, ಕೈಕನ್ ಎಂಬ ನಿರ್ದೇಶಕರೂ ಬಂದರು. ಜಾನ್ ಬಟ್ ಸ್ಕಾಟ್ಲೆಂಡಿನ ಡನೆಡಿನ್ ಕನ್ಸಾರ್ಟ್ ಜೊತೆ 2010ರಲ್ಲಿ ಹೊರತಂದ ಮುದ್ರಣಕ್ಕೆ ಬಳಸಿದ್ದು ರಿಫ್ಕಿನ್ ಅವರೇ ಸಂಪಾದಿಸಿದ ಸ್ವರಲಿಪಿಯನ್ನು. ಗಾರ್ಡಿನರ್, ಹೆರೆವೆಗೆ ಮುಂತಾದವರು ಮೇಳವನ್ನು ಬಿಡಲಿಲ್ಲ. ಆದರೆ ಅವರ ಮೇಳಗಳನ್ನೂ ಹಿಂದಿನ ಕಾಲದ ಜನಸಾಗರದ ಪಕ್ಕದಲ್ಲಿಟ್ಟರೆ ಬೆರಳೆಣಿಕೆಯವೇ. ನೂರಿನ್ನೂರು ಜನರನ್ನು ನಿಲ್ಲಿಸಿ ಬಾಖ್ ಹಾಡಿಸುವ ನಿರ್ದೇಶಕ ಈಗ ಅದಕ್ಕೆ ಸಮಜಾಯಿಷಿ ಕೊಡಬೇಕಾಗಿದೆ. 1981ರಲ್ಲಿ ಸಮಜಾಯಿಷಿ ಕೊಡಬೇಕಾಗಿದ್ದವರು ರಿಫ್ಕಿನ್.

ಹೊಸದಾಗಿ ಕೇಳುವವರಿಗೆ ನನ್ನ ಸಲಹೆ ಇಷ್ಟು. ಇಡೀ ಎರಡು ಗಂಟೆಗೆ ಒಮ್ಮೆಲೇ ಕೂರಬೇಡಿ. ಕ್ಲೆಂಪರರ್ ಮುದ್ರಣದಲ್ಲಿ ಕ್ರೂಸಿಫಿಕ್ಸುಸ್ ಕೇಳಿ, ಹಿಂದೆಯೇ ರಿಫ್ಕಿನ್ ಅವರದನ್ನು ಕೇಳಿ. ಆಮೇಲೆ ಎರಡರಲ್ಲೂ ಸ್ಯಾಂಕ್ಟುಸ್. ಲ್ಯಾಟಿನ್ ಬಾರದಿದ್ದರೆ ಚಿಂತೆಯಿಲ್ಲ, ಯಾವ ಕಥೋಲಿಕ ಚರ್ಚಿನ ಕನ್ನಡ ಪೂಜಾವಿಧಿ ಪುಸ್ತಕದಲ್ಲೂ ಆ ಪ್ರಾರ್ಥನೆಗಳ ಅರ್ಥ ಸಿಗುತ್ತದೆ. ದುಡ್ಡು ಕೊಟ್ಟು ಒಂದನ್ನೇ ಕೊಳ್ಳುವುದಾದರೆ ನಾನು ಜಾನ್ ಬಟ್ ಅವರದನ್ನು ಕೊಳ್ಳುತ್ತೇನೆ. ರಿಫ್ಕಿನ್ ಹಾಕಿಕೊಟ್ಟ ದಾರಿಯಲ್ಲಿ ರಿಫ್ಕಿನ್ನರಿಗಿಂತ ಚೆನ್ನಾಗಿ ನಡೆದವರು ಅವರು.